ನಾಲ್ಕು ಸೀಟಿನ ವಿಮಾನ ಮೂಲೆ ಸೇರಿತು, ಸೇನೆ ಎತ್ತಿಕೊಂಡಿತು: ಡಾ. ವಿ.ಎಂ. ಘಾಟಗೆ ಬದುಕು

ಮೂಡಿಗೆರೆ, ಕಳಸದವರು ವಿಮಾನ ಹತ್ತಬೇಕಂದ್ರೆ ಬಹುಕಾಲ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕಿತ್ತು, ಇಲ್ಲಾಂದ್ರೆ ಬೆಂಗಳೂರಿನ ದಾರಿ ಹಿಡಿಯಬೇಕಿತ್ತು. ಸಣ್ಣ ಊರಿಗೆ ಸಣ್ಣ ವಿಮಾನ ಬರಲಿ ಅನ್ನೋ ಮಾತು ಆಗಾಗ ಕೇಳಿಬರುತ್ತೆ. ನಾಲ್ಕೇ ಜನ ಕೂರುವ ವಿಮಾನವೊಂದು 1959ರ ನವೆಂಬರ್‌ನಲ್ಲೇ ಬೆಂಗಳೂರಿನಲ್ಲಿ ತಯಾರಾಗಿ ಹಾರಿತ್ತು. ಹೆಸರು ಕೃಷಕ್, ಅಂದ್ರೆ ರೈತ. ಎಚ್‌ಎಎಲ್‌ನಲ್ಲಿ ಆಗ ವಿಮಾನ ವಿನ್ಯಾಸದ ನೊಗ ಹೊತ್ತಿದ್ದವರು ಡಾ. ವಿಷ್ಣು ಮಾಧವ ಘಾಟಗೆ.

1908ರ ಅಕ್ಟೋಬರ್ 24ರಂದು ಕೊಲ್ಹಾಪುರ ಜಿಲ್ಲೆಯ ಹಸೂರಚಂಪು ಎಂಬ ಹಳ್ಳಿಯಲ್ಲಿ ಹುಟ್ಟಿದವರು ಘಾಟಗೆ. ಅಲ್ಲಿಂದ ಜರ್ಮನಿಯ ಗಟಿಂಗನ್‌ಗೆ ಹೋಗಿ, ಲುಡ್ವಿಗ್ ಪ್ರಾಂಟ್ಲ್ ಕೈಕೆಳಗೆ 1936ರಲ್ಲಿ ಡಾಕ್ಟರೇಟ್ ಪಡೆದರು. ವಿಮಾನದ ರೆಕ್ಕೆಗೆ ಅಂಟಿಕೊಂಡು ಹರಿಯುವ ಗಾಳಿಯ ತೆಳುಪದರದ ಲೆಕ್ಕವನ್ನು ಲೋಕಕ್ಕೆ ಕೊಟ್ಟವರು ಈ ಪ್ರಾಂಟ್ಲ್. ಗುರು ಅಂದ್ರೆ ಇಂಥವರು ಸಿಗಬೇಕು.

1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದರು. ಘಾಟಗೆ ಅಲ್ಲಿಗೆ ಸೇರಿದರು. ಯುದ್ಧದ ಕಾಲದಲ್ಲಿ ಹತ್ತು ಜನ ಕೂರುವ ಜಿ-1 ಎಂಬ ಗ್ಲೈಡರ್ ರೂಪಿಸಿದರು. ಅದು ಹಾರಿತು, ಆದರೆ ಕಟ್ಟಿದ್ದು ಒಂದೇ ಒಂದು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆದಾಗ ಅದಕ್ಕೂ ಅವರೇ ಮೊದಲ ಮುಖ್ಯಸ್ಥರು.

ಸ್ವಾತಂತ್ರ್ಯದ ನಂತರ ಕೈಹಿಡಿದದ್ದು ತರಬೇತಿ ವಿಮಾನ ಎಚ್‌ಟಿ-2. 1951ರ ಆಗಸ್ಟ್ 5ರಂದು ಮೊದಲ ಹಾರಾಟ ನಡೆಯಿತು. ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರೋದು ಕಲಿತದ್ದೇ ಅದರಲ್ಲಿ. ಘಾನಾ ದೇಶವೂ ಹನ್ನೆರಡು ಕೊಂಡಿತು. 1958ರಲ್ಲಿ ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಎರಡು ಸೀಟಿನ ಪುಷ್ಪಕ್ ಬಂತು.

ಪುಷ್ಪಕ್‌ನ್ನೇ ಸ್ವಲ್ಪ ದೊಡ್ಡದು ಮಾಡಿ ನಾಲ್ಕು ಜನ ಕೂರೋ ಹಾಗೆ ಕಟ್ಟಿದ್ದು ಕೃಷಕ್. ಕೇಳೋಕೆ ಸುಲಭ. ಆದರೆ ಇಬ್ಬರು ಹೆಚ್ಚು ಕೂತರೆ ತೂಕ ಏರುತ್ತೆ, ದೊಡ್ಡ ಇಂಜಿನ್ ಬೇಕು, ಇಂಜಿನ್ ದೊಡ್ಡದಾದರೆ ಇಂಧನವೂ ಜಾಸ್ತಿ, ಮತ್ತೆ ತೂಕ. ಎರಡು ಮಾದರಿ ಹಾರಿಸಿದ ಮೇಲೆ ಯೋಜನೆ ನಿಂತೇಹೋಯಿತು. ನಾಲ್ಕು ಸೀಟಿನ ಕೃಷಕ್ ಪ್ರಯಾಣಿಕರಿಗಾಗಿ ತಯಾರಾಗಲೇ ಇಲ್ಲ.

ಅಷ್ಟರಲ್ಲಿ ಸೇನೆಯ ಹಳೇ ಆಸ್ಟರ್ ವಿಮಾನಗಳು ಸವೆದಿದ್ದವು. ಕೆಳಮಟ್ಟದಲ್ಲಿ ಹಾರಿ ಫಿರಂಗಿ ಗುಂಡು ಎಲ್ಲಿ ಬಿತ್ತು ಅಂತ ನೋಡಿ ಹೇಳೋಕೆ ಹೊಸ ವಿಮಾನ ಬೇಕಿತ್ತು. ಮೂಲೆಗಿಟ್ಟ ಕೃಷಕ್‌ಗೆ ಮತ್ತೆ ಜೀವ ಬಂತು. 225 ಅಶ್ವಶಕ್ತಿಯ ಇಂಜಿನ್ ಹೊತ್ತು 68 ವಿಮಾನ ಸೇನೆ ಸೇರಿದವು. ಹೆಸರು ರೈತನದ್ದು, ಕೆಲಸ ತೋಪುಖಾನೆಯದ್ದು! 1970ರ ದಶಕದ ನಡುವೆ ಚೀತಾ ಹೆಲಿಕಾಪ್ಟರ್‌ಗಳು ಆ ಜಾಗ ಹಿಡಿದವು.

ಆ ಕಾಲದ ಎಚ್‌ಎಎಲ್ ಅಂದ ಕೂಡಲೇ ಜನ ನೆನೆಯೋದು ಮಾರುತ್ ಯುದ್ಧವಿಮಾನ ರೂಪಿಸಿದ ಜರ್ಮನ್ ಕರ್ಟ್ ಟ್ಯಾಂಕ್ ಅವರನ್ನು. ಪಕ್ಕದಲ್ಲೇ ಒಂದಾದ ಮೇಲೊಂದು ವಿಮಾನ ಕಟ್ಟಿದ ಘಾಟಗೆ ಹೆಸರು ಅಷ್ಟಾಗಿ ಬಾಯಿಗೆ ಬರಲ್ಲ. ಇದು ಸರಿಯಲ್ಲ. ಅವರ ಕಿರಣ್ ಜೆಟ್ 1964ರ ಸೆಪ್ಟೆಂಬರ್ 4ರಂದು ಹಾರಿತು. ಮರುವರ್ಷ ಪದ್ಮಶ್ರೀ ಬಂತು.

ಘಾಟಗೆ ತೀರಿಕೊಂಡದ್ದು 1991ರ ಡಿಸೆಂಬರ್ 6ರಂದು. ಐದು ವರ್ಷದ ಮೇಲೆ ಅದೇ ಕಿರಣ್‌ನ ಮುಂದಿನ ಮಾದರಿ ಹಿಡಿದು ವಾಯುಪಡೆ ಸೂರ್ಯಕಿರಣ್ ತಂಡ ಕಟ್ಟಿತು. ಯಲಹಂಕದ ಏರ್ ಶೋಗೆ ಹೋಗಿ ತಲೆ ಎತ್ತಿ ನೋಡಿದವರು ಕಾಫಿ ನಾಡಿನಲ್ಲೂ ಇದ್ದಾರೆ.