ಟಿ. ಚೌಡಯ್ಯ

ತಿರುಮಕೂಡಲು ಚೌಡಯ್ಯನವರು (೧೮೯೫–೧೯೬೭) ಕರ್ನಾಟಕ ಶಾಸ್ತ್ರೀಯ ಸಂಗೀತದ ಅಗ್ರಗಣ್ಯ ಪಿಟೀಲು ವಿದ್ವಾಂಸರು. ಮೈಸೂರು ಸಂಸ್ಥಾನದ ಆಸ್ಥಾನ ವಿದ್ವಾಂಸರಾಗಿದ್ದ ಅವರು ನಾಲ್ಕು ತಂತಿಗಳ ಐರೋಪ್ಯ ಪಿಟೀಲಿಗೆ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿ ನುಡಿಸಿದರು. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಮತ್ತು ಚೌಡಯ್ಯ ಈ ಮೂವರನ್ನು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಪಿಟೀಲು ತ್ರಿಮೂರ್ತಿಗಳೆಂದು ಸಂಗೀತಲೋಕ ಗೌರವಿಸುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಅವರು ಪಿಟೀಲು ಚೌಡಯ್ಯ ಎಂದೇ ಪರಿಚಿತರು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನೇ ಬೇರೆ, ಇವರೇ ಬೇರೆ.

ಹುಟ್ಟೂರು ಮತ್ತು ಬಾಲ್ಯ

ಮೈಸೂರು ಜಿಲ್ಲೆಯ ಟಿ. ನರಸೀಪುರ ಪಟ್ಟಣಕ್ಕೆ ಹೊಂದಿಕೊಂಡಿರುವ ತಿರುಮಕೂಡಲು ಚೌಡಯ್ಯನವರ ಜನ್ಮಸ್ಥಳ. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು ಬರುವ ಕಪಿಲೆ ಇಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಸ್ಫಟಿಕ ಸರೋವರವೆಂಬ ಗುಪ್ತತೀರ್ಥವೂ ಇಲ್ಲಿ ಸೇರುತ್ತದೆಂಬ ನಂಬಿಕೆ ಇರುವುದರಿಂದ ಈ ಸ್ಥಳಕ್ಕೆ ತ್ರಿವೇಣಿ ಸಂಗಮವೆಂದು ಹೆಸರು. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿಯ ದೇವಾಲಯ, ಸಂಗಮದ ಬಳಿ ಅಗಸ್ತ್ಯೇಶ್ವರನ ದೇವಾಲಯ. ಚೌಡಯ್ಯನವರ ತಂದೆ ಅಗಸ್ತ್ಯೇಗೌಡರ ಹೆಸರಿನಲ್ಲಿಯೂ ಆ ಕ್ಷೇತ್ರದೇವತೆಯ ನೆನಪಿದೆ. ತಾಯಿ ಸುಂದರಮ್ಮ.

ನಂಜನಗೂಡಿಗೆ ೧೮೯೧ರಲ್ಲಿಯೇ ಮೈಸೂರಿನಿಂದ ರೈಲು ಬಂದಿತ್ತು. ತಿರುಮಕೂಡಲಿಗೆ ಆ ಸೌಕರ್ಯ ಇರಲಿಲ್ಲ. ರಾಜಧಾನಿಯು ಮೂವತ್ತು ಕಿಲೋಮೀಟರಿನಷ್ಟೇ ದೂರದಲ್ಲಿದ್ದರೂ, ಹಳ್ಳಿಯ ಹುಡುಗನೊಬ್ಬನು ಅರಮನೆಯ ವಿದ್ವಾಂಸರೊಬ್ಬರ ಶಿಷ್ಯನಾಗುವುದು ಆ ಕಾಲಕ್ಕೆ ಸುಲಭದ ಮಾತಾಗಿರಲಿಲ್ಲ. ವಿದ್ಯೆಯನ್ನು ಗುರುವಿನ ಮನೆಯಲ್ಲಿದ್ದುಕೊಂಡೇ ಕಲಿಯಬೇಕಾಗಿತ್ತು.

ಗುರುಕುಲವಾಸ

ಚೌಡಯ್ಯನವರಿಗೆ ಗುರುಗಳಾಗಿ ದೊರೆತವರು ಮೈಸೂರಿನ ಗಾನವಿಶಾರದ ಬಿಡಾರಂ ಕೃಷ್ಣಪ್ಪನವರು. ಸುಮಾರು ೧೯೧೦ರಿಂದ ೧೯೧೮ರವರೆಗೆ ಅವರ ಬಳಿ ಶಿಕ್ಷಣ ನಡೆಯಿತು. ಕೃಷ್ಣಪ್ಪನವರು ಗಾಯಕರು. ಪುರಂದರದಾಸರೇ ಮೊದಲಾದ ಹರಿದಾಸರ ದೇವರನಾಮಗಳಿಗೆ ಶಾಸ್ತ್ರೀಯ ಕಚೇರಿಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಪ್ರಮುಖರು. ಪಾಠದಲ್ಲಿ ಅವರು ಬಹು ಕಟ್ಟುನಿಟ್ಟಿನವರು.

ಪಿಟೀಲುವಾದಕನೊಬ್ಬ ಗಾಯಕರಲ್ಲಿ ಕಲಿತನೆಂಬುದು ಇಂದಿನ ವಿದ್ಯಾರ್ಥಿಗಳಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕರ್ನಾಟಕ ಸಂಗೀತದಲ್ಲಿ ವಾದ್ಯವು ಕಂಠವನ್ನೇ ಅನುಸರಿಸುತ್ತದೆ. ಸಾಹಿತ್ಯದ ಅಕ್ಷರ ಎಲ್ಲಿ ಬೀಳುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ಗಮಕ ಎಷ್ಟು ತೂಗುತ್ತದೆ ಎಂಬುದನ್ನು ತಿಳಿಯದವನು ಪಕ್ಕವಾದ್ಯ ನುಡಿಸಲಾರ. ಚೌಡಯ್ಯನವರು ಹಾಡುವವರ ಮನೋಧರ್ಮವನ್ನು ನೆರಳಿನಂತೆ ಹಿಂಬಾಲಿಸುವ ಶಕ್ತಿಯನ್ನು ಪಡೆದದ್ದು ಈ ಶಿಕ್ಷಣದಿಂದ.

ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದ್ದರು. ಅವರು ೧೯೩೧ರಲ್ಲಿ ನಿಧನರಾದ ಮೇಲೆ ಆ ಮಂದಿರದ ಸಂಗೀತೋತ್ಸವಗಳು ನಿಂತುಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಚೌಡಯ್ಯನವರು ಹೊತ್ತುಕೊಂಡರು. ಬಿಡಾರಂ ಕೃಷ್ಣಪ್ಪ ರಾಮಮಂದಿರವೆಂದು ಅದು ಇಂದಿಗೂ ಪ್ರಸಿದ್ಧವಾಗಿದೆ.

ಏಳು ತಂತಿಯ ಪಿಟೀಲು

ಪಿಟೀಲು ಯೂರೋಪಿನ ವಾದ್ಯ. ದಕ್ಷಿಣ ಭಾರತದಲ್ಲಿ ಅದನ್ನು ನಮ್ಮ ಸಂಗೀತಕ್ಕೆ ಅಳವಡಿಸಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮೊದಲಿಗರು. ತಂಜಾವೂರಿನ ವಡಿವೇಲು ಅದನ್ನು ಮತ್ತಷ್ಟು ಪ್ರಚಾರಕ್ಕೆ ತಂದರು. ವಾದ್ಯದ ಒಡಲು ಅದೇ ಆಗಿದ್ದರೂ ಹಿಡಿಯುವ ಕ್ರಮ ಬದಲಾಯಿತು. ಐರೋಪ್ಯರು ನಿಂತು ಗಲ್ಲದ ಕೆಳಗೆ ಒತ್ತಿಹಿಡಿದರೆ, ನಮ್ಮವರು ನೆಲದ ಮೇಲೆ ಕುಳಿತು ಅದರ ತಲೆಯನ್ನು ಪಾದದ ಮೇಲೂ ಬುಡವನ್ನು ಎದೆಗೂ ಆನಿಸಿಕೊಂಡರು. ಶ್ರುತಿಯೂ ಷಡ್ಜ ಪಂಚಮ ಷಡ್ಜ ಪಂಚಮವೆಂದು ಮಾರ್ಪಟ್ಟಿತು. ಹೀಗೆ ಪರದೇಶದ ವಸ್ತುವನ್ನು ತಂದು ನಮ್ಮ ಅಗತ್ಯಕ್ಕೆ ತಿದ್ದಿಕೊಳ್ಳುವುದು ಹೊಸದೇನೂ ಆಗಿರಲಿಲ್ಲ. ಆ ಕಾಲದ ಮೈಸೂರಿನಲ್ಲಿ ಅರಮನೆಯ ವಿದ್ವಾಂಸರೂ ಕಚೇರಿಯ ಗುಮಾಸ್ತರೂ ಶಾಲೆಯ ಉಪಾಧ್ಯಾಯರೂ ವಿಲಾಯತಿ ಮಾದರಿಯ ಮುಚ್ಚುಗೊರಳಿನ ಕೋಟು ತೊಟ್ಟು, ಅದರೊಡನೆ ಬರಬೇಕಾಗಿದ್ದ ಹ್ಯಾಟನ್ನು ಬಿಟ್ಟು, ಜರಿಯಂಚಿನ ಮೈಸೂರು ಪೇಟವನ್ನೇ ಸುತ್ತುತ್ತಿದ್ದರು. ಪಿಟೀಲಿಗೂ ಹೆಚ್ಚುಕಡಿಮೆ ಇಂಥದೇ ಉಪಚಾರ ದೊರೆತಿತ್ತು. ಆದರೆ ವಾದ್ಯದ ನಾಲ್ಕು ತಂತಿಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಚೌಡಯ್ಯನವರನ್ನು ಬಾಧಿಸಿದ ಪ್ರಶ್ನೆ ಸರಳವಾದದ್ದು. ಧ್ವನಿವರ್ಧಕಗಳಿಲ್ಲದ ಆ ದಿನಗಳಲ್ಲಿ ಮದುವೆಯ ಚಪ್ಪರ, ರಾಮನವಮಿಯ ಪೆಂಡಾಲು, ದೇವಸ್ಥಾನದ ಪ್ರಾಂಗಣಗಳಲ್ಲಿ ಕಚೇರಿಗಳು ನಡೆಯುತ್ತಿದ್ದವು. ಗಾಯಕರು ಮೇಲುಸ್ಥಾಯಿಯ ಶ್ರುತಿಯಲ್ಲಿ ತುಂಬುಕಂಠದಿಂದ ಹಾಡುತ್ತಿದ್ದರು. ಮೃದಂಗದ ನಾದ ದೂರ ಮುಟ್ಟುತ್ತಿತ್ತು. ಪಿಟೀಲಿನ ದನಿಯೊಂದೇ ಹಿಂದಿನ ಸಾಲಿನವರಿಗೆ ಕೇಳಿಸದೆ ಉಳಿಯುತ್ತಿತ್ತು. ಎಷ್ಟೇ ವಿದ್ವತ್ತಿನಿಂದ ನುಡಿಸಿದರೂ ಸಭೆಯ ಅರ್ಧಕ್ಕೆ ಅದು ತಲುಪದಿದ್ದರೆ ಪ್ರಯೋಜನವೇನು? ಕಮಾನನ್ನು ಬಲವಾಗಿ ಒತ್ತಿದರೆ ನಾದ ದೊಡ್ಡದಾಗುವ ಬದಲು ಕರ್ಕಶವಾಗುತ್ತದೆ.

ಈ ತೊಡಕಿಗೆ ಅವರು ಕಂಡುಕೊಂಡ ಪರಿಹಾರವು ೧೯೨೭ರ ಸುಮಾರಿಗೆ ಒಂದು ರೂಪಕ್ಕೆ ಬಂದಿತು. ನಾಲ್ಕು ತಂತಿಗಳಲ್ಲಿ ಮೇಲಿನ ಮೂರಕ್ಕೆ ತಲಾ ಒಂದೊಂದು ಜೊತೆತಂತಿಯನ್ನು ಕಟ್ಟಿ, ಜೊತೆತಂತಿಯನ್ನು ಮೂಲತಂತಿಗಿಂತ ಒಂದು ಸ್ಥಾಯಿ ಕೆಳಗೆ ಶ್ರುತಿಮಾಡಿದರು. ಅತ್ಯಂತ ಕೆಳಗಿನ ತಂತಿ ಒಂಟಿಯಾಗಿಯೇ ಉಳಿಯಿತು. ಹೀಗೆ ಒಟ್ಟು ಏಳು ತಂತಿಗಳಾದವು. ಕಮಾನು ಒಮ್ಮೆ ಹಾಯ್ದರೆ ಒಂದೇ ಸ್ವರವು ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ನುಡಿಯುತ್ತದೆ. ಗಂಡಸು ಮತ್ತು ಮಗು ಒಂದೇ ಹಾಡನ್ನು ಒಟ್ಟಾಗಿ ಹಾಡಿದಾಗ ಉಂಟಾಗುವ ತುಂಬುತನವನ್ನು ನೆನೆದರೆ ಇದರ ಪರಿಣಾಮವನ್ನು ಊಹಿಸಬಹುದು. ನಾದವು ಗಾತ್ರದಲ್ಲಿ ಮಾತ್ರವಲ್ಲದೆ ಗಾಂಭೀರ್ಯದಲ್ಲಿಯೂ ಹೆಚ್ಚಿತು.

ಆದರೆ ಇದು ಮೂರು ತಂತಿಗಳನ್ನು ಬಿಗಿದುಬಿಡುವಷ್ಟು ಸುಲಭದ ಕೆಲಸವಲ್ಲ. ನಾಲ್ಕು ಬಿರಡೆಗಳಿಗೆಂದು ಕೊರೆದ ತಲೆಯಲ್ಲಿ ಏಳಕ್ಕೆ ಎಡೆ ಮಾಡಬೇಕು; ತಂತಿಗಳನ್ನು ಹೊರುವ ಕುದುರೆಯನ್ನು ಹೊಸದಾಗಿ ಕೆತ್ತಬೇಕು; ಹೆಚ್ಚಿದ ಎಳೆತವನ್ನು ತೆಳ್ಳನೆಯ ಮರದ ಹಲಗೆ ತಾಳಬೇಕು. ವಾದಕನ ಕಷ್ಟ ಇದಕ್ಕಿಂತ ಹೆಚ್ಚಿನದು. ಬೇರೆ ಬೇರೆ ದಪ್ಪದ ಎರಡು ತಂತಿಗಳನ್ನು ಒಂದೇ ಬೆರಳಿನಿಂದ ಸರಿಯಾದ ಸ್ಥಾನದಲ್ಲಿ ಅದುಮಬೇಕು. ಕೂದಲೆಳೆಯಷ್ಟು ಜಾರಿದರೂ ಅಪಸ್ವರವು ಇಮ್ಮಡಿಯಾಗಿ ಕೇಳಿಸುತ್ತದೆ. ಗಮಕಗಳಲ್ಲಿ ಬೆರಳು ತಂತಿಯ ಮೇಲೆ ಎಳೆದಾಡುವಾಗಲೂ ಎರಡೂ ತಂತಿಗಳು ಜೊತೆಗೂಡಿಯೇ ಇರಬೇಕು. ಕಚೇರಿಯ ನಡುವೆ ಏಳು ತಂತಿಗಳ ಶ್ರುತಿಯನ್ನು ಕಾಪಾಡುವುದು ಬೇರೆಯೇ ಒಂದು ಸಾಹಸ. ಆದ್ದರಿಂದಲೇ ಈ ವಾದ್ಯವು ಹಲವರ ಕೈಗೆ ಒಗ್ಗಲಿಲ್ಲ.

ಮುಂದೆ ಚೌಡಯ್ಯನವರು ಹತ್ತೊಂಬತ್ತು ತಂತಿಗಳ ಪಿಟೀಲಿನ ಪ್ರಯೋಗವನ್ನೂ ನಡೆಸಿದರು. ಆದರೆ ಕಚೇರಿಗಳಲ್ಲಿ ಅವರ ಗುರುತಾಗಿ ನಿಂತದ್ದು ಏಳು ತಂತಿಯ ವಾದ್ಯವೇ.

ಸಂಪ್ರದಾಯವಾದಿಗಳಿಗೆ ಈ ಮಾರ್ಪಾಡು ಒಪ್ಪಿಗೆಯಾಗಲಿಲ್ಲ. ಪಿಟೀಲಿನ ಸಹಜವಾದ ಇಂಪು ಮತ್ತು ಸೂಕ್ಷ್ಮತೆಗೆ ಇದರಿಂದ ಕುಂದುಂಟಾಯಿತೆಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ದ್ವಾರಂ ಅವರ ಒಂಟಿತಂತಿಯ ನಯ ಮತ್ತು ಚೌಡಯ್ಯನವರ ಜೋಡಿತಂತಿಯ ಘನತೆ ಎರಡು ಬೇರೆ ಬೇರೆ ಗುಣಗಳು. ಆದರೆ ಕೊನೆಯ ಸಾಲಿನಲ್ಲಿ ಕುಳಿತ ಕೇಳುಗನ ಮಟ್ಟಿಗೆ ಚೌಡಯ್ಯನವರೇ ಸರಿ.

ಕಚೇರಿ ಜೀವನ

ಚೌಡಯ್ಯನವರು ತಮ್ಮ ಕಾಲದ ಬಹುತೇಕ ಎಲ್ಲ ಹಿರಿಯ ಗಾಯಕರಿಗೂ ಪಕ್ಕವಾದ್ಯ ನುಡಿಸಿದರು. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಜಿ. ಎನ್. ಬಾಲಸುಬ್ರಹ್ಮಣ್ಯಂ ಮೊದಲಾದವರು ಅವರಲ್ಲಿ ಸೇರಿದ್ದಾರೆ. ಕೊಳಲುವಾದಕ ಟಿ. ಆರ್. ಮಹಾಲಿಂಗಂ ಅವರ ಕಚೇರಿಗಳಿಗೂ ಚೌಡಯ್ಯನವರ ಪಿಟೀಲು ಜೊತೆಯಾಯಿತು. ಚೆಂಬೈ, ಚೌಡಯ್ಯ ಮತ್ತು ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್ ಒಟ್ಟಿಗೆ ಕುಳಿತ ಕಚೇರಿಗಳು ರಸಿಕರ ನೆನಪಿನಲ್ಲಿ ಬಹುಕಾಲ ಉಳಿದವು. ಕನ್ನಡ ನಾಡಿನ ಪಿಟೀಲುಗಾರರೊಬ್ಬರು ಮದರಾಸಿನ ಸಭೆಗಳಲ್ಲಿ ಅಲ್ಲಿಯವರ ಸರಿಸಮನಾಗಿ, ಅನಿವಾರ್ಯವೆಂಬಂತೆ ಕಾಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಮೈಸೂರನ್ನು ಆಗ ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಪಿಟೀಲು ಸೇರಿದಂತೆ ಹಲವು ವಾದ್ಯಗಳನ್ನು ಬಲ್ಲವರು. ಅವರ ಆಸ್ಥಾನದಲ್ಲಿ ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು ಮೊದಲಾದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದಕ್ಕೂ ಆಶ್ರಯವಿತ್ತು. ಚೌಡಯ್ಯನವರು ೧೯೩೯ರಲ್ಲಿ ಆಸ್ಥಾನ ವಿದ್ವಾಂಸರಾಗಿ ನೇಮಕಗೊಂಡರು.

ರಚನೆಗಳು ಮತ್ತು ಇತರ ಕಾರ್ಯಗಳು

ತಮ್ಮ ಊರಿನ ಮೇಲಿನ ಅಭಿಮಾನವನ್ನು ಚೌಡಯ್ಯನವರು ಹೆಸರಿನ ಮುಂದಿನ ಅಕ್ಷರದಲ್ಲಿ ಮಾತ್ರ ಇಟ್ಟುಕೊಳ್ಳಲಿಲ್ಲ. ಅವರು ವಾಗ್ಗೇಯಕಾರರೂ ಆಗಿದ್ದರು. ಅವರ ಕೃತಿಗಳ ಅಂಕಿತ ತ್ರಿಮಕುಟ. ತಿರುಮಕೂಡಲಿನ ಮೂರು ನೀರುಗಳ ಕೂಟವನ್ನು ಆ ಅಂಕಿತವು ನೆನಪಿಗೆ ತರುತ್ತದೆ.

ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ವಾಣಿ (೧೯೪೩) ಎಂಬ ಕನ್ನಡ ಚಲನಚಿತ್ರದೊಡನೆಯೂ ಚೌಡಯ್ಯನವರ ಹೆಸರು ಸೇರಿಕೊಂಡಿದೆ. ಪಂಡರಿಬಾಯಿಯವರು ಚಿತ್ರರಂಗವನ್ನು ಪ್ರವೇಶಿಸಿದ್ದು ಈ ಚಿತ್ರದ ಮೂಲಕ. ಚೆಂಬೈ ಅವರ ಗಾಯನಕ್ಕೆ ಚೌಡಯ್ಯನವರು ನುಡಿಸುವ ದೃಶ್ಯ ಇದರಲ್ಲಿದೆ. ಸಂಗೀತದ ವಿದ್ಯಾರ್ಥಿಗಳಿಗೆ ಈ ಚಿತ್ರದ ಮಹತ್ವ ಅದರ ಕಥೆಗಿಂತ ಈ ದೃಶ್ಯದಲ್ಲಿಯೇ ಹೆಚ್ಚು.

ಮೈಸೂರಿನ ಅಯ್ಯನಾರ್ ಸಂಗೀತ ಕಾಲೇಜಿನ ಸ್ಥಾಪನೆಯಲ್ಲಿ ಅವರು ಮುಖ್ಯ ಪಾತ್ರ ವಹಿಸಿದರು. ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಮೊದಲಾದವರು ಅವರ ಶಿಷ್ಯರು.

ಗೌರವಗಳು

ಮದರಾಸಿನ ಸಂಗೀತ ಅಕಾಡೆಮಿಯು ೧೯೫೭ರಲ್ಲಿ ಸಂಗೀತ ಕಲಾನಿಧಿ ಬಿರುದನ್ನಿತ್ತು ಗೌರವಿಸಿತು. ಅದೇ ವರ್ಷ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ದೊರೆಯಿತು. ಸಂಗೀತರತ್ನ ಎಂಬ ಬಿರುದು ಅವರ ಹೆಸರಿನೊಡನೆ ಸಾಮಾನ್ಯವಾಗಿ ಬಳಕೆಯಲ್ಲಿದೆ.

ನಿಧನ ಮತ್ತು ಸ್ಮರಣೆ

ಚೌಡಯ್ಯನವರು ಜನವರಿ ೧೯, ೧೯೬೭ರಂದು ನಿಧನರಾದರು. ಅಷ್ಟರಲ್ಲಿ ಕಚೇರಿಯ ವೇದಿಕೆಯಲ್ಲಿ ಧ್ವನಿವರ್ಧಕವು ಸಾಮಾನ್ಯವಾಗಿತ್ತು. ಯಾವ ಕೊರತೆಯನ್ನು ನೀಗಲು ಅವರು ವಾದ್ಯವನ್ನು ಮಾರ್ಪಡಿಸಿದ್ದರೋ ಆ ಕೊರತೆ ಅವರ ಜೀವಿತಕಾಲದಲ್ಲಿಯೇ ಬೇರೊಂದು ದಾರಿಯಿಂದ ನೀಗಿತ್ತು. ಇಂದಿನ ಪಿಟೀಲುವಾದಕರಲ್ಲಿ ಹೆಚ್ಚಿನವರು ನುಡಿಸುವುದು ನಾಲ್ಕು ತಂತಿಗಳ ವಾದ್ಯವನ್ನೇ. ಐದು ತಂತಿಗಳನ್ನು ಬಳಸುವವರೂ ಕೆಲವರಿದ್ದಾರೆ. ಏಳು ತಂತಿಯ ಪಿಟೀಲು ಚೌಡಯ್ಯನವರ ಧ್ವನಿಮುದ್ರಿಕೆಗಳಲ್ಲಿ ಉಳಿದುಕೊಂಡಿದೆ. ಅವನ್ನು ಕೇಳುವವರು ಹಳೆಯ ಮುದ್ರಣದ ಗೊರಗೊರ ಸದ್ದಿನ ನಡುವೆಯೂ ಎರಡು ಸ್ಥಾಯಿಗಳ ಜೋಡಿನಾದವನ್ನು ಗುರುತಿಸಬಹುದು. ಅವರನ್ನು ತಂತಿಗಳ ಸಂಖ್ಯೆಯಿಂದಷ್ಟೇ ಅಳೆಯುವುದು ತಪ್ಪೆಂಬುದೂ ಆಗ ತಿಳಿಯುತ್ತದೆ. ಆ ರಾಗವಿಸ್ತಾರ ಮತ್ತು ಗಾಯಕರಿಗೆ ಕೊಡುವ ಉತ್ತರದ ಚುರುಕು ನಾಲ್ಕು ತಂತಿಗಳ ಮೇಲೆಯೂ ಅಷ್ಟೇ ದೊಡ್ಡದಾಗಿರುತ್ತಿತ್ತು.

ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ೧೯೮೦ರಲ್ಲಿ ಚೌಡಯ್ಯ ಸ್ಮಾರಕ ಭವನ ನಿರ್ಮಾಣವಾಯಿತು. ಮಲ್ಲೇಶ್ವರದ ಸಮೀಪದಲ್ಲಿರುವ ಈ ಸಭಾಂಗಣದ ಹೊರರೂಪವೇ ಏಳು ತಂತಿಯ ಪಿಟೀಲಿನದು. ತಂತಿ, ಕುದುರೆ, ಬಿರಡೆಗಳನ್ನೂ ಕಟ್ಟಡದಲ್ಲಿ ಕಾಣಬಹುದು. ಸಂಗೀತ ಕಚೇರಿ, ನಾಟಕ, ನೃತ್ಯ ಹಾಗೂ ಶಾಲಾ ವಾರ್ಷಿಕೋತ್ಸವಗಳು ಅಲ್ಲಿ ನಡೆಯುತ್ತವೆ. ಕರ್ನಾಟಕ ಸರ್ಕಾರವು ಶಾಸ್ತ್ರೀಯ ಸಂಗೀತದ ಸಾಧಕರಿಗೆ ಅವರ ಹೆಸರಿನಲ್ಲಿ ಟಿ. ಚೌಡಯ್ಯ ಪ್ರಶಸ್ತಿಯನ್ನು ನೀಡುತ್ತದೆ.