ಕಲ್ಲಚ್ಚಿನಿಂದ ಅಚ್ಚುಮೊಳೆಗೆ: ಹರ್ಮನ್ ಮೋಗ್ಲಿಂಗ್

ಲ್ಯಾಪ್‌ಟಾಪಲ್ಲಿ ಕೂತು ಬೇರೆ ಪ್ರೊಸೆಸರಿನ ಬೋರ್ಡಿಗೆ ಕಂಪೈಲ್ ಮಾಡೋದು ನಮಗೆ ಗೊತ್ತು. ಕೋಡ್ ಅದೇ, ಓಡೋ ಯಂತ್ರ ಬೇರೆ. ಕನ್ನಡದ ಮೊದಲ ಪತ್ರಿಕೆಯೂ ಹೀಗೇ ಯಂತ್ರ ಬದಲಿಸಿತ್ತು.

ಜರ್ಮನಿಯಲ್ಲಿ 1811ರಲ್ಲಿ ಹುಟ್ಟಿದ ಮೋಗ್ಲಿಂಗ್, 1836ರಲ್ಲಿ ಬಾಸೆಲ್ ಮಿಶನ್ನಿಂದ ಮಂಗಳೂರಿಗೆ ಬಂದರು, ಕನ್ನಡ ಕಲಿತರು. 1843ರ ಜುಲೈ 1ಕ್ಕೆ 'ಮಂಗಳೂರ ಸಮಾಚಾರ' ತಂದರು. ಇಲ್ಲಿದ್ದದ್ದು ಕಲ್ಲಚ್ಚು. ಪ್ರತಿ ಪುಟವನ್ನೂ ಕೈಯಲ್ಲಿ ಬರೆದು ಕಲ್ಲಿಗಿಳಿಸಬೇಕು. ಮುಂದಿನ ಸಂಚಿಕೆಗೆ ಮತ್ತೆ ಮೊದಲಿಂದ. ಬಳ್ಳಾರಿಯಲ್ಲಿ ಅಚ್ಚುಮೊಳೆ ಇತ್ತು, ಬಿಚ್ಚಿ ಮತ್ತೆ ಜೋಡಿಸಬಹುದಿತ್ತು. 1844ರಲ್ಲಿ ಪತ್ರಿಕೆ ಅಲ್ಲಿಗೆ ಹೋಯ್ತು, 'ಕನ್ನಡ ಸಮಾಚಾರ' ಆಯ್ತು. ಊರಿನ ಹೆಸರು ಹೋಗಿ ಭಾಷೆಯ ಹೆಸರು ಬಂತು.

ಮೋಗ್ಲಿಂಗ್ 1881ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಜುಲೈ 1 ಇವತ್ತಿಗೂ ಕರ್ನಾಟಕದ ಪತ್ರಿಕಾ ದಿನ.