ಆಡಂ ಆಸ್ಬರ್ನ್

ಕಳೆದ ವರ್ಷದ ಬೇಸಿಗೆ ರಜೆಯಲ್ಲಿ ನಾನು ಹಿರಿಯೂರಿನ ಸೋದರಮಾವನ ಮನೆಯಲ್ಲಿದ್ದುಕೊಂಡು ಬೆರಳಚ್ಚು ಕಲಿಯುತ್ತಿದ್ದೆನು. ಆ ಬೆರಳಚ್ಚು ಶಾಲೆಯ ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಬೀರು ಇದೆ. ಅದನ್ನು ಶುಚಿ ಮಾಡುವ ಕೆಲಸ ಒಂದು ದಿನ ನನ್ನ ಪಾಲಿಗೆ ಬಂದಿತು. ಒಣಗಿದ ರಿಬ್ಬನ್ನು, ಕಾರ್ಬನ್ ಕಾಗದಗಳ ಅಡಿಯಲ್ಲಿ ಕರಿಯ ಬಣ್ಣದ, ಚೌಕಾಕಾರದ, ಹಿಡಿದರೆ ಬಾಗುವಂಥ ಏಳೆಂಟು ತಟ್ಟೆಗಳು ಸಿಕ್ಕಿದವು. ಒಂದರ ಮೇಲೆ ಮಾಸಿದ ಶಾಯಿಯಲ್ಲಿ ವರ್ಡ್‌ಸ್ಟಾರ್ ಎಂದು ಬರೆದಿತ್ತು. ಅವು ಫ್ಲಾಪಿಗಳೆಂದೂ, ಹಿಂದೆ ಗಣಕಯಂತ್ರಗಳು ಓದಿದ್ದನ್ನೂ ಬರೆದದ್ದನ್ನೂ ಅದರಲ್ಲಿಯೇ ಇಟ್ಟುಕೊಳ್ಳುತ್ತಿದ್ದವೆಂದೂ ಮಾಸ್ತರರು ಹೇಳಿದರು. ಎಸೆಯಲು ನನಗೆ ಮನಸ್ಸಾಗಲಿಲ್ಲ. ವರ್ಡ್‌ಸ್ಟಾರ್ ಎಂಬ ಆ ಹೆಸರಿನ ಜಾಡು ಹಿಡಿದು ಹೊರಟ ನನಗೆ ದೊರೆತ ವ್ಯಕ್ತಿಯೇ ಆಡಂ ಆಸ್ಬರ್ನ್. ನಾನು ಇತಿಹಾಸದ ವಿದ್ಯಾರ್ಥಿ. ಯಂತ್ರಗಳ ಒಳಗಿನ ಸಂಗತಿಯಲ್ಲಿ ನನ್ನ ಅರಿವು ಅಷ್ಟಕ್ಕಷ್ಟೆ. ಆದರೂ ಈತನ ಜೀವನ ವೃತ್ತಾಂತವನ್ನು ಸಹಪಾಠಿಗಳ ಮುಂದಿಡಬೇಕೆಂಬ ಆಸೆಯಿಂದ ಈ ಲೇಖನಕ್ಕೆ ಕೈ ಹಾಕಿದ್ದೇನೆ.

ಆಸ್ಬರ್ನನು ಹುಟ್ಟಿದ್ದು 1939ರ ಮಾರ್ಚ್ 6ರಂದು, ಸಯಾಮಿನ ಬ್ಯಾಂಕಾಕಿನಲ್ಲಿ. ತಂದೆ ಆರ್ಥರ್ ಆಸ್ಬರ್ನರು ಇಂಗ್ಲಿಷರು, ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದವರು. ತಾಯಿ ಪೋಲೆಂಡ್ ದೇಶದವರು. 1941ರಲ್ಲಿ ತಾಯಿ ಮಕ್ಕಳು ತಿರುವಣ್ಣಾಮಲೆಗೆ, ರಮಣ ಮಹರ್ಷಿಗಳ ಸನ್ನಿಧಿಗೆ ಬಂದು ನೆಲೆಸಿದರು. ಅಷ್ಟರಲ್ಲಿಯೇ ಯುದ್ಧವು ಸಯಾಮಿಗೂ ಹಬ್ಬಿ, ತಂದೆಯವರು ಜಪಾನೀಯರ ಸೆರೆಯಲ್ಲಿ ಸಿಕ್ಕಿಬಿದ್ದರು. ಯುದ್ಧ ಮುಗಿಯುವ 1945ರವರೆಗೂ ಅವರಿಗೆ ಬಿಡುಗಡೆಯಾಗಲಿಲ್ಲ. ತಂದೆಯ ಮುಖ ಕಾಣದ ಆ ವರ್ಷಗಳನ್ನು ಬಾಲಕ ಆಡಂ ಅರುಣಾಚಲ ಬೆಟ್ಟದ ತಪ್ಪಲಿನಲ್ಲಿ ಕಳೆದನು. ಮುಂದೆ ಈ ಆರ್ಥರ್ ಆಸ್ಬರ್ನರೇ ಮಹರ್ಷಿಗಳ ಜೀವನವನ್ನು ಇಂಗ್ಲಿಷಿನಲ್ಲಿ ಬರೆದು ಪಾಶ್ಚಾತ್ಯರಿಗೆ ಪರಿಚಯಿಸಿದರು. ಆಶ್ರಮದ ಪತ್ರಿಕೆಯನ್ನು 1964ರಲ್ಲಿ ಆರಂಭಿಸಿದವರೂ ಅವರೇ. ಆಡಂನ ಶಾಲೆ ಕೊಡೈಕಾನಲ್ಲಿನಲ್ಲಿ ಆರನೆಯ ತರಗತಿಯವರೆಗೆ ನಡೆಯಿತು. 1950ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಅವನು ಇಂಗ್ಲೆಂಡಿಗೆ ಹೊರಟುಹೋದನು.

ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾನಿಲಯದಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಓದಿ 1961ರಲ್ಲಿ ಪದವೀಧರನಾದನು. ಅನಂತರ ಅಮೆರಿಕಕ್ಕೆ ಹೋಗಿ ಡೆಲವೇರ್ ವಿಶ್ವವಿದ್ಯಾನಿಲಯದಿಂದ 1968ರಲ್ಲಿ ಡಾಕ್ಟರ್ ಪದವಿ ಪಡೆದನು. ಷೆಲ್ ಎಣ್ಣೆ ಕಂಪೆನಿಯಲ್ಲಿ ಕೆಲಸ ದೊರೆಯಿತು. ದೊಡ್ಡ ಕಂಪೆನಿಯ ಶಿಸ್ತಿಗೂ ಅವನ ಸ್ವಭಾವಕ್ಕೂ ಹೊಂದಿಕೆಯಾಗಲಿಲ್ಲವೆಂದು ತೋರುತ್ತದೆ. ಕೆಲವು ವರ್ಷಗಳಲ್ಲಿಯೇ ಅದನ್ನು ಬಿಟ್ಟು, ಯಂತ್ರಗಳ ಕೈಪಿಡಿಗಳನ್ನು ಬರೆದುಕೊಡುವ ಸಣ್ಣ ಉದ್ಯಮವೊಂದನ್ನು ಕ್ಯಾಲಿಫೋರ್ನಿಯದಲ್ಲಿ ಆರಂಭಿಸಿದನು. ಬಿ.ಎ. ಓದುವ ನಮಗೆ ಇದರಲ್ಲಿ ಒಂದು ಸಮಾಧಾನವಿದೆ. ಅವನು ಗಣಕಯಂತ್ರದ ಲೋಕದಲ್ಲಿ ಹೆಸರು ಪಡೆದದ್ದು ಮೊದಲು ಬರಹಗಾರನಾಗಿ.

ಆ ಕಾಲದ ಪರಿಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳದೆ ವಿಧಿಯಿಲ್ಲ. ಅಲ್ಲಿಯವರೆಗೆ ಗಣಕಯಂತ್ರವೆಂದರೆ ಸರ್ಕಾರ, ಬ್ಯಾಂಕು, ವಿಶ್ವವಿದ್ಯಾನಿಲಯಗಳ ಸ್ವತ್ತು. 1975ರ ಜನವರಿಯ ಒಂದು ಅಮೆರಿಕನ್ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಪೆಟ್ಟಿಗೆಯ ಚಿತ್ರ ಬಂದಿತು. ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲಿಯೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬಹುದಾದ ಗಣಕಯಂತ್ರ ಅದು. ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಆಜ್ಞೆಯನ್ನು ಊಡಿಸಬೇಕು. ಉತ್ತರ ಬರುವುದು ಕೆಂಪು ದೀಪಗಳ ಮಿಣುಕಿನಲ್ಲಿ. ಇಷ್ಟಕ್ಕೇ ಜನ ಹುಚ್ಚಾದರು. ಅದೇ ವರ್ಷದ ಮಾರ್ಚ್ 5ರಂದು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ, ಒಬ್ಬರ ಮನೆಯ ಕಾರು ಕೊಟ್ಟಿಗೆಯಲ್ಲಿ, ಇಂಥ ಹವ್ಯಾಸಿಗಳ ಒಂದು ಕೂಟ ಸೇರಿತು. ಹೋಂಬ್ರೂ ಕಂಪ್ಯೂಟರ್ ಕ್ಲಬ್ ಎಂದು ಅದರ ಹೆಸರು. ಒಬ್ಬನು ಮಾಡಿದ ಮಂಡಲವನ್ನು ಇನ್ನೊಬ್ಬನು ತಿದ್ದುವನು. ಒಬ್ಬನು ಬರೆದ ಕ್ರಮವಿಧಿಯನ್ನು ಹತ್ತು ಜನ ನಕಲು ಮಾಡಿಕೊಳ್ಳುವರು. ಆಪಲ್ ಕಂಪೆನಿಯ ಮೊದಲ ಯಂತ್ರವನ್ನು ವೋಜ್ನಿಯಾಕನು ತಂದು ತೋರಿಸಿದ್ದು ಇದೇ ಕೂಟದಲ್ಲಿ. ನಮ್ಮೂರಿನ ಅರಳಿಕಟ್ಟೆಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟಾಗ ಸೇರುವ ಜನರನ್ನು ನೋಡಿದವರಿಗೆ ಈ ಕೂಟದ ರೀತಿ ಸುಲಭವಾಗಿ ಅರ್ಥವಾದೀತು.

ಸಭಾಂಗಣದ ಹಿಂಭಾಗದಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಪುಸ್ತಕಗಳನ್ನಿಟ್ಟುಕೊಂಡು ಒಬ್ಬ ಎತ್ತರದ ಇಂಗ್ಲಿಷ್ ಮಾತಿನ ವ್ಯಕ್ತಿ ನಿಂತಿರುತ್ತಿದ್ದನು. ಅವನೇ ಆಸ್ಬರ್ನ್. ಮೈಕ್ರೋಕಂಪ್ಯೂಟರುಗಳ ಪರಿಚಯ ಮಾಡಿಕೊಡುವ ಅವನ ಗ್ರಂಥವನ್ನು ಪ್ರಕಾಶಕರು ಬೇಡವೆಂದಿದ್ದರಿಂದ ತಾನೇ ಅಚ್ಚು ಹಾಕಿಸಿ ಮಾರಲು ಹೊರಟಿದ್ದನು. ಆ ಪುಸ್ತಕ ಮೂರು ಲಕ್ಷಕ್ಕೂ ಮೀರಿ ಖರ್ಚಾಯಿತು. ಮುಂದೆ ಹತ್ತಾರು ಪುಸ್ತಕಗಳನ್ನು ಹೊರತಂದನು. 1979ರಲ್ಲಿ ಮೆಕ್‌ಗ್ರಾ ಹಿಲ್ ಎಂಬ ಹೆಸರಾಂತ ಸಂಸ್ಥೆ ಅವನ ಪ್ರಕಾಶನವನ್ನೇ ಕೊಂಡುಕೊಂಡಿತು. ಪತ್ರಿಕೆಗಳಲ್ಲಿ ಅಂಕಣವನ್ನೂ ಬರೆಯುತ್ತಿದ್ದನು. ಗಣಕಯಂತ್ರ ತಯಾರಿಸುವವರ ಕುಂದುಗಳನ್ನು ಅದರಲ್ಲಿ ಮುಲಾಜಿಲ್ಲದೆ ಎತ್ತಿ ಆಡುತ್ತಿದ್ದನು. ಹೀಗೆ ಪರರನ್ನು ಟೀಕಿಸುವವನು ತಾನೇ ಒಂದು ಯಂತ್ರ ಮಾಡಿ ತೋರಿಸಲಿ ಎಂಬ ಸವಾಲು ಎಂದಾದರೂ ಬರಲೇಬೇಕಲ್ಲವೆ?

ಬೇರೆಯವರು ಹೇಳುವ ಮೊದಲೇ ಅವನೇ ಆ ಕೆಲಸಕ್ಕೆ ಇಳಿದನು. ಹೋಂಬ್ರೂ ಕೂಟದ ಸಭೆಗಳನ್ನು ನಡೆಸಿಕೊಡುತ್ತಿದ್ದ ಲೀ ಫೆಲ್ಸನ್‌ಸ್ಟೈನ್ ಎಂಬ ಎಂಜಿನಿಯರನಿಂದ ವಿನ್ಯಾಸ ಮಾಡಿಸಿದನು. 1981ರ ಏಪ್ರಿಲ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಣಕಯಂತ್ರಗಳ ಜಾತ್ರೆಯಲ್ಲಿ ಆಸ್ಬರ್ನ್ 1 ಪ್ರದರ್ಶಿತವಾಯಿತು. ಹೊತ್ತೊಯ್ಯಬಲ್ಲ ಗಣಕಯಂತ್ರಗಳಲ್ಲಿ ಮಾರಾಟದಲ್ಲಿ ನಿಜವಾಗಿ ಗೆದ್ದ ಮೊದಲನೆಯದು ಇದೇ. ಮುಚ್ಚಳ ಹಾಕಿದರೆ ಹಿಡಿಯುಳ್ಳ ಹೊಲಿಗೆಯಂತ್ರದ ಪೆಟ್ಟಿಗೆಯಂತೆ ಕಾಣುವುದು. ವಿಮಾನದ ಆಸನದ ಕೆಳಗೆ ಹಿಡಿಸಬೇಕೆಂಬುದು ಅದರ ಅಳತೆ. ತೂಕ ಸುಮಾರು 11 ಕಿಲೋ, ಎಂದರೆ ತುಂಬಿದ ಕೊಡದಷ್ಟು. ಹೊತ್ತೊಯ್ಯಬಹುದೆಂಬುದು ನಿಜ, ಆದರೆ ತೋಳಿನಲ್ಲಿ ಬಲವಿರಬೇಕು!

ಒಳಗಿನ ವಿಷಯ ಹೇಳುವುದಾದರೆ, ಅದರ ಮಿದುಳು ಜೈಲಾಗ್ ಕಂಪೆನಿಯ ಜೆಡ್80 ಎಂಬ ಚಿಪ್ಪು. ನೆನಪಿನ ಶಕ್ತಿ 64 ಕಿಲೋಬೈಟು. ಎರಡು ಫ್ಲಾಪಿ ಚಾಲಕಗಳಿದ್ದು, ಒಂದೊಂದು ತಟ್ಟೆಯಲ್ಲಿ ಸುಮಾರು 90 ಕಿಲೋಬೈಟು ಹಿಡಿಯುತ್ತಿತ್ತು. ಇಂದು ನಮ್ಮ ಜೇಬಿನ ಫೋನಿನಲ್ಲಿ ತೆಗೆದ ಒಂದು ಭಾವಚಿತ್ರಕ್ಕೂ ಅಷ್ಟು ಜಾಗ ಸಾಲದು. ಪರದೆ ಬರಿಯ 5 ಅಂಗುಲ. ಒಂದು ಸಾಲಿಗೆ 52 ಅಕ್ಷರ ಮಾತ್ರ ಕಾಣುವುದು. ಇಲ್ಲಿ ಫೆಲ್ಸನ್‌ಸ್ಟೈನನು ಒಂದು ಉಪಾಯ ಮಾಡಿದ್ದನು. ಯಂತ್ರದ ಒಳಗೆ ಸಾಲು 128 ಅಕ್ಷರದಷ್ಟು ಉದ್ದವಿರುವುದು, ಪರದೆ ಅದರ ಮೇಲೆ ಸರಿದಾಡುವ ಕಿಟಕಿಯಂತೆ ವರ್ತಿಸುವುದು. ಕೀಲಿ ಒತ್ತಿದರೆ ಕಿಟಕಿ ಬಲಕ್ಕೂ ಎಡಕ್ಕೂ ಸರಿಯುವುದು. ಚಿತ್ರದುರ್ಗದ ಕೋಟೆಯಲ್ಲಿ ಬತೇರಿಯ ಕಿಂಡಿಯಿಂದ ಊರನ್ನು ತುಂಡು ತುಂಡಾಗಿ ನೋಡಿದ ಅನುಭವ ನನಗೆ ನೆನಪಾಯಿತು.

ಬೆಲೆ 1795 ಡಾಲರು. ಇಷ್ಟು ಹಣಕ್ಕೆ ಯಂತ್ರವಲ್ಲದೆ ಅದನ್ನು ನಡೆಸುವ ಸಿಪಿ/ಎಂ, ಬರೆಯಲು ವರ್ಡ್‌ಸ್ಟಾರ್, ಲೆಕ್ಕ ಹಾಕಲು ಸೂಪರ್‌ಕ್ಯಾಲ್ಕ್, ಕ್ರಮವಿಧಿ ರಚಿಸಲು ಬೇಸಿಕ್ ಭಾಷೆ, ಇವೆಲ್ಲವೂ ಸೇರಿ ಬರುತ್ತಿದ್ದವು. ಬಿಡಿಯಾಗಿ ಕೊಂಡರೆ ಇವುಗಳಿಗೇ ಸುಮಾರು 1500 ಡಾಲರು ಆಗುತ್ತಿತ್ತಂತೆ. ನನ್ನ ಅಭಿಪ್ರಾಯದಲ್ಲಿ ಆಸ್ಬರ್ನನ ನಿಜವಾದ ಜಾಣತನವಿದ್ದದ್ದು ಪೆಟ್ಟಿಗೆಯಲ್ಲಿ ಅಲ್ಲ, ಈ ಒಟ್ಟುಗೂಡಿಸಿದ ವ್ಯಾಪಾರದಲ್ಲಿ. ಮಡಕೆಯ ಜೊತೆಗೆ ಅಕ್ಕಿ ಬೇಳೆಯನ್ನೂ ಕೊಟ್ಟವನು ಅವನು. ಏರುಗಾಲದಲ್ಲಿ ತಿಂಗಳಿಗೆ 10,000 ಯಂತ್ರಗಳು ಮಾರಾಟವಾದವು.

ಬಿದ್ದದ್ದೂ ಅಷ್ಟೇ ವೇಗವಾಗಿ. 1983ರ ಆರಂಭದಲ್ಲಿ ಎಕ್ಸಿಕ್ಯುಟಿವ್ ಎಂಬ ಇನ್ನೂ ಉತ್ತಮವಾದ, 7 ಅಂಗುಲದ ಪರದೆಯ ಹೊಸ ಯಂತ್ರವನ್ನು, ಅದು ಅಂಗಡಿಗೆ ಬರುವ ಮೊದಲೇ, ಆಸ್ಬರ್ನನು ಪತ್ರಕರ್ತರಿಗೂ ವರ್ತಕರಿಗೂ ತೋರಿಸಿದನು. ಒಳ್ಳೆಯದು ಬರುತ್ತಿರುವಾಗ ಹಳೆಯದನ್ನು ಕೊಳ್ಳುವವರಾರು? ವರ್ತಕರು ಹಳೆಯ ಯಂತ್ರದ ಬೇಡಿಕೆಗಳನ್ನು ರದ್ದು ಮಾಡಿದರು. ಗೋದಾಮಿನಲ್ಲಿ ಸರಕು ಬಿದ್ದುಕೊಂಡಿತು, ಹೊಸದಿನ್ನೂ ಸಿದ್ಧವಾಗಿರಲಿಲ್ಲ, ಕೈಯಲ್ಲಿ ಹಣವಿಲ್ಲದಂತಾಯಿತು. 1983ರ ಸೆಪ್ಟೆಂಬರ್ 13ರಂದು ಕಂಪೆನಿ ದಿವಾಳಿಯಾಯಿತು. ಹೊಸ ಸರಕಿನ ಸುದ್ದಿಯಿಂದ ಹಳೆಯ ಸರಕು ಸಾಯುವುದಕ್ಕೆ ಇಂದಿಗೂ ವಾಣಿಜ್ಯಶಾಸ್ತ್ರದಲ್ಲಿ ಆಸ್ಬರ್ನ್ ಪರಿಣಾಮವೆಂದೇ ಹೆಸರು. ಒಬ್ಬ ಮನುಷ್ಯನ ಹೆಸರು ಅವನ ಸೋಲಿಗೆ ಅಂಟಿಕೊಂಡು ಉಳಿಯುವುದು ಕ್ರೂರವಾದ ಸಂಗತಿಯೇ ಸರಿ.

ಇದು ಪೂರ್ಣ ಸತ್ಯವಲ್ಲವೆಂದು ವಾದಿಸುವವರೂ ಇದ್ದಾರೆ. 1982ರಲ್ಲಿಯೇ ಕೇಪ್ರೊ ಎಂಬ ಯಂತ್ರ ಅದೇ ಬೆಲೆಗೆ 9 ಅಂಗುಲದ ಪರದೆಯೊಡನೆ ಬಂದು ಗಿರಾಕಿಗಳನ್ನು ಸೆಳೆದಿತ್ತು. ಐಬಿಎಂ ಯಂತ್ರದ ದಾರಿ ಹಿಡಿದ ಕಾಂಪ್ಯಾಕ್ ಕೂಡ ಬಾಗಿಲಿಗೆ ಬಂದಿತ್ತು. ಅಲ್ಲದೆ, ಉಳಿದಿದ್ದ ಹಳೆಯ ಭಾಗಗಳನ್ನು ವ್ಯರ್ಥ ಮಾಡಬಾರದೆಂದು ಅವನ್ನು ಯಂತ್ರಗಳಾಗಿ ಮುಗಿಸಲು ಹೋಗಿ ಕಂಪೆನಿಯವರು ಮತ್ತಷ್ಟು ಹಣ ಸುರಿದರೆಂದೂ ಹೇಳುತ್ತಾರೆ. ಇತಿಹಾಸದ ತರಗತಿಯಲ್ಲಿ ಒಂದು ಸಾಮ್ರಾಜ್ಯದ ಪತನಕ್ಕೆ ಐದಾರು ಕಾರಣ ಬರೆಯುವ ನಾವು, ಒಂದು ಕಂಪೆನಿಯ ಪತನಕ್ಕೆ ಒಂದೇ ಕಾರಣ ಒಪ್ಪುವುದು ಸರಿಯಲ್ಲ.

ಆದರೂ ಆ ಒಂದು ಕಾರಣ ನನ್ನನ್ನು ಬಿಡದೆ ಕಾಡಿತು. ಅದಕ್ಕೆ ನಮ್ಮ ಮನೆಯ ವೃತ್ತಾಂತವೇ ಕಾರಣ. ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮಗೆ ಸ್ವಲ್ಪ ಅಡಿಕೆ ತೋಟವಿದೆ. ನಮ್ಮ ತಂದೆ ಓದಿದ್ದು ನಾಲ್ಕನೆಯ ತರಗತಿ. ಆದರೆ ಅಡಿಕೆಯ ತೂಕ, ದರ, ವರ್ತಕರಿಂದ ಪಡೆದ ಮುಂಗಡ, ಕೂಲಿ, ಇವನ್ನು ಕೆಂಪು ರಟ್ಟಿನ ಪುಸ್ತಕದಲ್ಲಿ ಇಪ್ಪತ್ತು ವರ್ಷ ತಪ್ಪದೆ ಬರೆದಿಟ್ಟವರು. ನಾನು ಕಾಲೇಜಿಗೆ ಸೇರಿದ ವರ್ಷ, ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗನೆಂಬ ಬಿಂಕದಲ್ಲಿ, ಇನ್ನು ಮೇಲೆ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ಬರೆಯುವೆನೆಂದು ನೆಂಟರ ಎದುರಿಗೆ ಹೇಳಿಬಿಟ್ಟೆನು. ಕಂಪ್ಯೂಟರು ಬರಲಿಲ್ಲ, ಕೊಳ್ಳಲು ಹಣವಿರಲಿಲ್ಲ. ಪರೀಕ್ಷೆ, ಹಾಸ್ಟೆಲು, ಗೆಳೆಯರ ನಡುವೆ ನಾನು ಆ ಮಾತನ್ನೇ ಮರೆತೆನು. ತಂದೆ ಮರೆಯಲಿಲ್ಲ. ಮಗ ಹೊಸ ರೀತಿಯಲ್ಲಿ ಬರೆಯುತ್ತಾನೆಂದು ಕೆಂಪು ಪುಸ್ತಕವನ್ನು ಮುಚ್ಚಿಟ್ಟು, ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕುತ್ತಾ ಬಂದರು. ಅರ್ಧ ಚೀಟಿ ಮಳೆಯಲ್ಲಿ ನೆನೆದವು. ಮರುವರ್ಷ ಮುಂಗಡದ ವಿಷಯದಲ್ಲಿ ಒಬ್ಬ ವರ್ತಕರೊಡನೆ ತಕರಾರು ಬಂದಾಗ ತೋರಿಸಲು ನಮ್ಮಲ್ಲಿ ಬರಹವಿರಲಿಲ್ಲ. ಅವರು ಹೇಳಿದ ಲೆಕ್ಕವನ್ನೇ ಒಪ್ಪಬೇಕಾಯಿತು. ತಂದೆ ನನಗೆ ಒಂದು ಮಾತನ್ನೂ ಆಡಲಿಲ್ಲ. ಹೊಸದಾಗಿ ಒಂದು ಕೆಂಪು ಪುಸ್ತಕ ಕೊಂಡು ತಂದರು, ಅಷ್ಟೆ. ಆಸ್ಬರ್ನನ ವೃತ್ತಾಂತವನ್ನು ಓದಿದ ರಾತ್ರಿ ನನಗೆ ನಿದ್ರೆ ಬಾರದಿದ್ದುದು ಈ ಕಾರಣದಿಂದ.

ಆಸ್ಬರ್ನನು ಅಲ್ಲಿಗೆ ಕೈಚೆಲ್ಲಿ ಕೂರಲಿಲ್ಲ. 1984ರಲ್ಲಿ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಎಂಬ ಸಂಸ್ಥೆ ಕಟ್ಟಿ, ತಂತ್ರಾಂಶವನ್ನು ರಟ್ಟಿಲ್ಲದ ಅಗ್ಗದ ಪುಸ್ತಕದಂತೆ ಮಾರಲು ಹೊರಟನು. ಲೋಟಸ್ ಕಂಪೆನಿಯ ಲೆಕ್ಕದ ತಂತ್ರಾಂಶವನ್ನು ಹೋಲುವ ಒಂದನ್ನು ನೂರು ಡಾಲರಿನ ಒಳಗೆ ಕೊಟ್ಟನು. ಲೋಟಸ್‌ನವರು 1987ರಲ್ಲಿ ದಾವೆ ಹೂಡಿದರು. 1990ರಲ್ಲಿ ತೀರ್ಪು ಆಸ್ಬರ್ನನ ಸಂಸ್ಥೆಗೆ ವಿರುದ್ಧವಾಯಿತು. ಅವನು ಸಂಸ್ಥೆಯಿಂದ ಹೊರಬಂದನು.

ಅನಂತರ ಮಿದುಳಿನ ಕಾಯಿಲೆ ಹಿಡಿಯಿತು. ಒಂದರ ಮೇಲೊಂದು ಆಘಾತಗಳಿಂದ ಶಕ್ತಿ ಕುಂದಿತು. ಲೋಕವನ್ನೆಲ್ಲ ಸುತ್ತಿದ ಆ ಮನುಷ್ಯ ಕೊನೆಗೆ 1992ರಲ್ಲಿ ತಾನು ಅಕ್ಷರ ಕಲಿತ ಕೊಡೈಕಾನಲ್ಲಿಗೇ, ಸೋದರಿಯ ಆಸರೆಗೆ ಮರಳಿದನು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿ ಸದ್ದಿಲ್ಲದೆ ಬದುಕಿ, 2003ರ ಮಾರ್ಚ್ 18ರಂದು ತನ್ನ 64ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆ ವೇಳೆಗೆ ಅವನ ಯಂತ್ರಗಳು ಮೂಲೆ ಸೇರಿ ಬಹುಕಾಲವಾಗಿತ್ತು.

ಮೂಲೆ ಸೇರಿದವು ಎಂದೆನಲ್ಲ, ಎಲ್ಲವೂ ಅಲ್ಲ. ಹಳೆಯ ಗಣಕಯಂತ್ರಗಳಿಗೆ ಮರುಜೀವ ಕೊಡುವ ಹವ್ಯಾಸಿಗಳು ನಾನಾ ದೇಶಗಳಲ್ಲಿ ಇಂದಿಗೂ ಇದ್ದಾರೆ. ಸಿಡಿಯುವ ಹಳೆಯ ಕಂಡೆನ್ಸರುಗಳನ್ನು ಕಿತ್ತು ಹೊಸದನ್ನು ಬೆಸೆಯುತ್ತಾರೆ. ಫ್ಲಾಪಿ ಚಾಲಕದ ತಲೆಯನ್ನು ಮದ್ಯಸಾರದಿಂದ ಒರೆಸುತ್ತಾರೆ. ಚಾಲಕ ಪೂರ್ತಿ ಕೆಟ್ಟಿದ್ದರೆ ಅದರ ಜಾಗದಲ್ಲಿ, ಫ್ಲಾಪಿಯಂತೆ ನಟಿಸುವ ಸಣ್ಣ ಮಂಡಲವನ್ನು ಕೂರಿಸುತ್ತಾರೆ. 1976ರಿಂದ ತಯಾರಾಗುತ್ತಿದ್ದ ಆ ಹಳೆಯ ಮಾದರಿಯ ಜೆಡ್80 ಚಿಪ್ಪನ್ನು ನಿಲ್ಲಿಸುವುದಾಗಿ ಜೈಲಾಗ್‌ನವರು 2024ರಲ್ಲಿ ಪ್ರಕಟಿಸಿದಾಗ ಇವರೆಲ್ಲ ಬಂಧುವನ್ನು ಕಳೆದುಕೊಂಡವರಂತೆ ಮರುಗಿದರು. ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶವೊಂದನ್ನು ನನ್ನ ಫೋನಿನಲ್ಲಿ ಹಾಕಿಕೊಂಡು, ಬೇಸಿಕ್ ಭಾಷೆಯಲ್ಲಿ ಹನ್ನೆರಡು ಸಾಲಿನ ಒಂದು ಕ್ರಮವಿಧಿ ಬರೆದಿದ್ದೇನೆ. ತೂಕ, ದರ, ಮುಂಗಡ ಕೊಟ್ಟರೆ ಬಾಕಿ ಹೇಳುತ್ತದೆ. ಎರಡು ಸಲ ತಪ್ಪು ಉತ್ತರ ಕೊಟ್ಟು ಮೂರನೆಯ ಸಲ ಸರಿಯಾಯಿತು. ತಂದೆಗೆ ಇನ್ನೂ ಹೇಳಿಲ್ಲ. ಒಂದು ಸುಗ್ಗಿ ಪೂರ್ತಿ ಕೆಂಪು ಪುಸ್ತಕದೊಡನೆ ತಾಳೆ ನೋಡಿದ ಮೇಲೆಯೇ ಹೇಳುವೆನು.

ಹಿರಿಯೂರಿನ ಆ ಫ್ಲಾಪಿಗಳನ್ನು ಮಾಸ್ತರರ ಅಪ್ಪಣೆ ಪಡೆದು ನನ್ನ ಹಾಸ್ಟೆಲಿನ ಪೆಟ್ಟಿಗೆಯಲ್ಲಿ ಕಾಗದ ಸುತ್ತಿ ಇಟ್ಟಿದ್ದೇನೆ. ಅವುಗಳನ್ನು ಓದಬಲ್ಲ ಐದೂಕಾಲು ಅಂಗುಲದ ಚಾಲಕ ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಗಳ ಯಾವ ಅಂಗಡಿಯ ಅಟ್ಟದ ಮೇಲಾದರೂ ಇದ್ದರೆ, ಬಲ್ಲ ಅಧ್ಯಾಪಕರಾಗಲಿ ಗೆಳೆಯರಾಗಲಿ ದಯವಿಟ್ಟು ನನಗೆ ತಿಳಿಸಬೇಕು.